ಬೆಟ್ಟ ಇಳಿದ ಮರುದಿನದ ಕಾಲುನೋವು

ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಇದಕ್ಕೆ ತಯಾರಿ ನಡೆಸುವವರು ಮೈದಾನದಲ್ಲಿ ಸುತ್ತು ಹಾಕಿದ ದಿನ ಅಷ್ಟೇನೂ ನೋಯುವುದಿಲ್ಲ. ರಾಮದೇವರ ಬೆಟ್ಟದ ಮೆಟ್ಟಿಲು ಹತ್ತಿ ಬಿರಬಿರನೆ ಇಳಿದರೆ ಮಾತ್ರ ಮರುದಿನ ತೊಡೆ ಹಿಡಿದುಕೊಳ್ಳುತ್ತದೆ. ಮಾಗಡಿ ಬಳಿಯ ಸಾವನದುರ್ಗದಲ್ಲಂತೂ ಓಡುವುದೇ ಬೇಡ (ಆ ಬಂಡೆಯ ಮೇಲೆ ಓಡುವುದು ಹುಚ್ಚು ಸಾಹಸ), ನಡೆದು ಇಳಿದರೂ ಸಾಕು.

ಹತ್ತುವಾಗ ಏದುಸಿರು ಬರುತ್ತದೆ, ನೋವು ಕೊಡುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನಂತೆ ದೇಹದ ಭಾರವನ್ನು ತಡೆಯುತ್ತದೆ. ಬಿಗಿಯಾಗಿದ್ದುಕೊಂಡೇ ಉದ್ದವಾಗಬೇಕಾದ ಈ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟಾಗುತ್ತದೆ. ಅದನ್ನು ದೇಹ ಸರಿಪಡಿಸಿಕೊಳ್ಳುವಾಗ ನೋವು. ಹಾಗಾಗಿಯೇ ಅದು ಅರ್ಧ ದಿನ ತಡವಾಗಿ ಶುರುವಾಗಿ, ಎರಡು ಮೂರನೆಯ ದಿನ ಏರಿ, ವಾರದೊಳಗೆ ಇಳಿಯುತ್ತದೆ. ‘ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದೆ, ಸ್ಟ್ರೆಚ್ ಮಾಡಿ ತೆಗಿ’ ಎನ್ನುವ ಮೈದಾನದ ಸಲಹೆಗೆ ಅರ್ಥವಿಲ್ಲ. ಅದು ಓಟ ಮುಗಿದ ಸುಮಾರು ಒಂದು ಗಂಟೆಯಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ.

ಹಾಗಾದರೆ ಸ್ಟ್ರೆಚಿಂಗ್ ಏನು ಮಾಡುತ್ತದೆ? ನೋವಿಗಂತೂ ಹೆಚ್ಚೇನಿಲ್ಲ. ಕಾಕ್ರೇನ್ ಸಂಸ್ಥೆ 2011ರಲ್ಲಿ 12 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ನೂರು ಅಂಕದ ಅಳತೆಯಲ್ಲಿ, ವ್ಯಾಯಾಮದ ನಂತರ ಸ್ಟ್ರೆಚ್ ಮಾಡಿದವರ ಮರುದಿನದ ನೋವು ಸರಾಸರಿ ಒಂದು ಅಂಕದಷ್ಟು ಮಾತ್ರ ಕಡಿಮೆ ಇತ್ತು.

ಆದರೂ ಬಿಗಿದ ಕಾಲು ಸಡಿಲವಾಗಿ, ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಮೀನಖಂಡಕ್ಕೆ ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ಏಳದಂತೆ ಮುಂದೆ ಬಾಗಿ. ತೊಡೆಯ ಹಿಂಭಾಗಕ್ಕೆ ಹಿಮ್ಮಡಿಯನ್ನು ಜಗಲಿಯ ಮೇಲಿಟ್ಟು, ಬೆನ್ನು ನೇರವಾಗಿಟ್ಟುಕೊಂಡು ಸೊಂಟದಿಂದ ಬಾಗಿ. ಮುಂಭಾಗಕ್ಕೆ ಗೋಡೆ ಹಿಡಿದು ನಿಂತು, ಪಾದವನ್ನು ಹಿಂದಿನಿಂದ ಹಿಡಿದು ಎಳೆಯಿರಿ. ಒಂದೊಂದಕ್ಕೂ ಅರ್ಧ ನಿಮಿಷ, ಎರಡು ಮೂರು ಸಲ. ಜಗ್ಗಬೇಡಿ. ಸೆಳೆತ ಗೊತ್ತಾದರೆ ಸಾಕು, ಹಲ್ಲು ಕಚ್ಚುವಷ್ಟು ಎಳೆದರೆ ಪೆಟ್ಟಾದ ಎಳೆಗಳಿಗೇ ಮತ್ತೆ ಪೆಟ್ಟು. ಇವೆಲ್ಲ ಓಟದ ನಂತರಕ್ಕೆ. ಓಟಕ್ಕೆ ಮುಂಚೆ ನಿಧಾನಗತಿಯ ಓಟ, ಕಾಲು ಬೀಸುವುದು ಇದ್ದರೆ ಒಳ್ಳೆಯದು.

ನೋವಿರುವ ದಿನಗಳಲ್ಲಿ ಮಲಗಿಬಿಡುವುದಕ್ಕಿಂತ ಸಮತಟ್ಟಿನಲ್ಲಿ ಮೆಲ್ಲಗೆ ನಡೆದಾಡುವುದು ಮೇಲು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಒಂದೇ ಕಾಲು ಊದಿಕೊಂಡರೆ, ಮೂಳೆಯ ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಾದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ನಿಜವಾದ ಮದ್ದು ಅಭ್ಯಾಸ. ಒಮ್ಮೆ ಸ್ವಲ್ಪ ಇಳಿಜಾರು ಓಡಿ ಚೇತರಿಸಿಕೊಂಡ ಸ್ನಾಯು, ಕೆಲವು ವಾರಗಳವರೆಗೆ ಅದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಆದ್ದರಿಂದ ಇಳಿಜಾರಿನ ಓಟವನ್ನು ಪರೀಕ್ಷೆಗೆ ಒಂದು ತಿಂಗಳಿರುವಾಗಲೇ ಸ್ವಲ್ಪಸ್ವಲ್ಪವಾಗಿ ಶುರುಮಾಡಿ. ಕೊನೆಯ ವಾರ ಮಾತ್ರ ಬೆಟ್ಟದ ಕಡೆ ತಲೆ ಹಾಕಬೇಡಿ.