ಕಲ್ಲುಗೋರಿಯಲ್ಲೊಂದು ಶಂಖ

ತುಮಕೂರಿನಿಂದ ಶಿರಾ, ಹಿರಿಯೂರು, ಚಳ್ಳಕೆರೆಯ ದಾರಿ ಹಿಡಿದು ಬಡಗಣಕ್ಕೆ ಹೋದರೆ ಮೊಳಕಾಲ್ಮೂರು ತಾಲ್ಲೂಕು ಸಿಗುತ್ತದೆ. ಅಲ್ಲಿನ ಬ್ರಹ್ಮಗಿರಿಯ ಹೆಸರನ್ನು ಶಾಲೆಯ ಚರಿತ್ರೆ ಪುಸ್ತಕದಲ್ಲಿ ಓದದವರು ಕಡಿಮೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅಶೋಕನ ಶಾಸನವನ್ನು ಬೆಳಕಿಗೆ ತಂದ ಊರು ಅದು. ಶಾಸನಕ್ಕೆ ದೊರೆತ ಪ್ರಸಿದ್ಧಿ ಅದೇ ಬೆಟ್ಟದ ಬುಡದಲ್ಲಿರುವ ಕಲ್ಲುಗೋರಿಗಳಿಗೆ ದೊರೆಯಲಿಲ್ಲ. ಅವುಗಳ ಸಂಖ್ಯೆ ನೂರಾರು.

ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅವರು ಇಲ್ಲಿ ಮೊದಲು ಅಗೆಸಿದರು. ಬಳಿಕ 1947ರಲ್ಲಿ, ಆಗ ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಕೆಲವು ಗೋರಿಗಳನ್ನು ತೆರೆದರು. ಕಬ್ಬಿಣದ ಆಯುಧಗಳು, ಕಪ್ಪು-ಕೆಂಪು ಮಡಕೆಗಳು ಹೇರಳವಾಗಿ ಸಿಕ್ಕವು. ಗೋರಿಯೊಂದರಲ್ಲಿ ಮಾತ್ರ 33 ಚಿನ್ನದ ಮಣಿಗಳು, 2 ಕಲ್ಲಿನ ಮಣಿಗಳು, 4 ತಾಮ್ರದ ಬಳೆಗಳು, ಜೊತೆಗೆ ಒಂದು ಶಂಖ ಇದ್ದವು. ಚಿನ್ನಕ್ಕಿಂತ ಆ ಶಂಖವೇ ಹೆಚ್ಚು ಮಾತನಾಡುತ್ತದೆ. ಬ್ರಹ್ಮಗಿರಿಯಿಂದ ಸಮುದ್ರ ಯಾವ ದಿಕ್ಕಿಗೆ ಹೋದರೂ 250 ಕಿ.ಮೀ.ಗೆ ಕಡಿಮೆಯಿಲ್ಲ. ಮಳೆಯೇ ಅಪರೂಪವಾದ ಈ ಬಯಲುಸೀಮೆಗೆ ಕಡಲಿನ ವಸ್ತುವನ್ನು ಯಾರೋ ಹೊತ್ತು ತಂದಿದ್ದರು. ಅದನ್ನು ಪಡೆದವರು ಅಷ್ಟು ಬೆಲೆಯ ವಸ್ತುವನ್ನು ಸತ್ತವರ ಜೊತೆ ಮಣ್ಣಿಗೆ ಕೊಟ್ಟಿದ್ದರು.

ಗೋರಿ ಕಟ್ಟಿದ ಬಗೆಯೂ ನೋಡತಕ್ಕದ್ದು. ನಾಲ್ಕು ಕಣಶಿಲೆಯ ಚಪ್ಪಡಿಗಳನ್ನು ಒಂದಕ್ಕೊಂದು ಆನಿಸಿ, ಪ್ರತಿಯೊಂದೂ ಮುಂದಿನದರ ಅಂಚಿನಾಚೆ ಸ್ವಲ್ಪ ಚಾಚುವಂತೆ ನಿಲ್ಲಿಸಿದ್ದಾರೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಬಿಗಿಯುತ್ತವೆ, ಒಳಕ್ಕೆ ಬೀಳುವುದಿಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಒಂದು ಕಿಂಡಿ. ಒಳಗೆ ಇಡೀ ಶವವಿಲ್ಲ. ಒಬ್ಬರಿಗಿಂತ ಹೆಚ್ಚು ಜನರ ಬಿಡಿ ಮೂಳೆಗಳಿವೆ. ಶವವನ್ನು ಮೊದಲು ಬೇರೆಡೆ ಇಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆಯ್ದು ತಂದು ಇಡುತ್ತಿದ್ದರೆಂದು ಇದರಿಂದ ತಿಳಿಯುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಇಂಥವು ನೆಲದ ಮೇಲೆಯೇ ಮನೆಗಳಂತೆ ನಿಂತಿವೆ. ಅವು ಮೋರ್ಯರೆಂಬ ಕುಳ್ಳರ ಮನೆಗಳೆಂದು ಊರವರ ನಂಬಿಕೆ. ಮನೆ ಎಂಬ ಮಾತು ಅಷ್ಟೇನೂ ತಪ್ಪಲ್ಲ.

ಗಟ್ಟದ ಕೆಳಗೆ ಕಲ್ಲು ಬದಲಾಗುತ್ತದೆ, ಗೋರಿಯೂ ಬದಲಾಗುತ್ತದೆ. ಕಾಸರಗೋಡು, ಕಣ್ಣೂರಿನ ಕಡೆ ಇರುವುದು ಮೆತ್ತನೆಯ ಮುರಕಲ್ಲು. ಅಲ್ಲಿ ಚಪ್ಪಡಿ ಎಬ್ಬಿಸುವ ಬದಲು ಬಂಡೆಯೊಳಗೇ ಗುಹೆ ಕೊರೆದರು. ಪಕ್ಕದಲ್ಲೊಂದು ಬಾಗಿಲು, ಕಮಾನಿನಂಥ ಚಾವಣಿ, ಕೆಲವದರ ನೆತ್ತಿಯಲ್ಲಿ ಒಂದು ರಂಧ್ರ, ಒಳಗೆ ಮಡಕೆಗಳು, ಕಬ್ಬಿಣ.

ಇನ್ನೂ ಮುಂದೆ, ಬಂಗಾಳ ಕೊಲ್ಲಿಯ ಆಚೆಯ ದ್ವೀಪಗಳಲ್ಲಿ ಗುಹೆಯನ್ನು ಕೊರೆಯುವ ಕಷ್ಟವೂ ಇರಲಿಲ್ಲ. ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಪ್ರಕೃತಿಯೇ ಗುಹೆಗಳನ್ನು ಮಾಡಿಟ್ಟಿತ್ತು. ಫಿಲಿಪ್ಪೀನ್ಸಿನ ಪಲವಾನ್ ದ್ವೀಪದ ಮನುಂಗುಲ್ ಗುಹೆಯಲ್ಲಿ 1964ರಲ್ಲಿ ಒಂದು ಮಣ್ಣಿನ ಗುಡಾಣ ದೊರೆಯಿತು. ಮೂಳೆಗಳನ್ನಿಡಲು ಮಾಡಿದ್ದು, ಕಾಲ ಸುಮಾರು ಕ್ರಿ.ಪೂ. 8ನೇ ಶತಮಾನ. ಅದರ ಮುಚ್ಚಳದ ಮೇಲೊಂದು ದೋಣಿ. ದೋಣಿಯಲ್ಲಿ ಇಬ್ಬರು: ಹಿಂದಿನವನು ಹುಟ್ಟು ಹಾಕುತ್ತಿದ್ದಾನೆ, ಮುಂದಿನವನು ಎದೆಯ ಮೇಲೆ ಕೈಕಟ್ಟಿ ಕುಳಿತಿದ್ದಾನೆ. ಇದೇ ಗುಹೆಗಳ ಸಾಲಿನಲ್ಲಿ, ಅದಕ್ಕಿಂತ ಈಚಿನ ಸಮಾಧಿಗಳಲ್ಲಿ, ಗಾಜಿನ ಮಣಿಗಳೂ ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಮಣಿಗಳೂ ಸಿಕ್ಕಿವೆ. ದಕ್ಷಿಣ ಭಾರತದ ಕಲ್ಲುಗೋರಿಗಳಲ್ಲೂ ಅಂಥ ಕೆಂಪು ಮಣಿಗಳುಂಟು.

ಮೂಳೆ ಆಯ್ದಿಡುವ ಪದ್ಧತಿ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಹಾಗಾದರೆ ಇಬ್ಬರೂ ಒಂದೇ ಮೂಲದವರೇ ಎಂದು ಕೇಳಬೇಕೆನಿಸುವುದು ಸಹಜ. ಹಿಂದೆ ಕೆಲವು ವಿದ್ವಾಂಸರು ಇಂಥ ಹೋಲಿಕೆಗಳ ಮೇಲೆ ದೊಡ್ಡ ಸಿದ್ಧಾಂತಗಳನ್ನೇ ಕಟ್ಟಿದ್ದುಂಟು. ಅದು ಅವಸರದ ಮಾತು. ಸಾವಿನೆದುರು ಮನುಷ್ಯರು ಬೇರೆಬೇರೆ ಕಡೆ ಒಂದೇ ಬಗೆಯಾಗಿ ನಡೆದುಕೊಳ್ಳಲು ಪರಸ್ಪರ ಪರಿಚಯ ಬೇಕಿಲ್ಲ. ಆಚಾರದ ಸಾಮ್ಯ ಸಂಪರ್ಕಕ್ಕೆ ಸಾಕ್ಷಿಯಾಗಲಾರದು. ಸಾಕ್ಷಿ ಬೇಕಾದರೆ ಒಂದೆಡೆ ತಯಾರಾಗಿ ಇನ್ನೊಂದೆಡೆ ತಲುಪಿದ ವಸ್ತು ಬೇಕು.

ಅಂಥ ವಸ್ತುವೊಂದಿದೆ. ಬೂದುಬಣ್ಣದ, ನುಣುಪಾದ, ಅಗಲ ಬಾಯಿಯ ಮಣ್ಣಿನ ತಟ್ಟೆ. ಒಳತಳದಲ್ಲಿ ಸಣ್ಣ ಚುಕ್ಕೆಗಳನ್ನು ಬಳೆಬಳೆಯಾಗಿ ಒತ್ತಿದ ಅಲಂಕಾರ. ಪುರಾತತ್ವದವರು ಇದನ್ನು ರೂಲೆಟೆಡ್ ಮಡಕೆ ಎನ್ನುತ್ತಾರೆ. 1945ರಲ್ಲಿ ವೀಲರ್ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯಲ್ಲಿ ತಯಾರಾದ ಮಡಕೆಗಳ ಜೊತೆ ಇದು ದೊರೆಯಿತು. ಇಟಲಿಯ ಮಡಕೆಗಳ ಕಾಲ ಖಚಿತವಿತ್ತು: ಕ್ರಿ.ಶ. 1ನೇ ಶತಮಾನದ ಆಸುಪಾಸು. ಎರಡು ವರ್ಷಗಳ ಬಳಿಕ ಅದೇ ಚುಕ್ಕೆಯ ತಟ್ಟೆಯ ಚೂರುಗಳು ಬ್ರಹ್ಮಗಿರಿಯ ಜನವಸತಿಯ ನೆಲೆಯಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕಾಣಿಸಿಕೊಂಡವು. ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯವೂ ಇತ್ತು. ಬ್ರಹ್ಮಗಿರಿಯಲ್ಲಿ ಕಲ್ಲುಗೋರಿ ಕಟ್ಟಿದವರ ಪದರ ಈ ತಟ್ಟೆಯ ಪದರದ ಕೆಳಗಿತ್ತು. ಈ ಲೆಕ್ಕದಿಂದ ವೀಲರ್ ಅವರು ಗೋರಿಗಳ ಕಾಲವನ್ನು ಕ್ರಿ.ಪೂ. 200ರಿಂದ ಕ್ರಿ.ಶ. 1ನೇ ಶತಮಾನದ ನಡುಭಾಗದವರೆಗೆ ಎಂದು ನಿಗದಿ ಮಾಡಿದರು. ಮಣ್ಣಿನ ಪದರಗಳನ್ನು ಓದಿ ನಮ್ಮ ನಾಡಿನ ಅಕ್ಷರಪೂರ್ವ ಕಾಲಕ್ಕೆ ಇಸವಿ ಹಾಕಿದ ಮೊದಲ ಗಟ್ಟಿ ಪ್ರಯತ್ನವದು.

ಆದರೆ ಲೆಕ್ಕ ತಪ್ಪಿತ್ತು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರ ಸುಮಾರಿಗೆ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ಸಿಕ್ಕ ಇದ್ದಿಲನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಿದಾಗ, ಕಬ್ಬಿಣದ ಬಳಕೆ ಕ್ರಿ.ಪೂ. 1000ದಷ್ಟು ಹಿಂದಕ್ಕೆ ಹೋಯಿತು. ತಟ್ಟೆಯ ಕಥೆಯೂ ತಿರುಗಿತು. ಅದು ಪಶ್ಚಿಮದ ಸರಕೆಂಬ ಊಹೆ ಬಿದ್ದುಹೋಗಿ, ಭಾರತದಲ್ಲೇ ತಯಾರಾದದ್ದು, ರೋಮಿನವರ ವ್ಯಾಪಾರಕ್ಕಿಂತ ಮೊದಲೇ ಬಳಕೆಯಲ್ಲಿತ್ತು ಎಂಬುದು ಈಗ ಒಪ್ಪಿತವಾಗಿದೆ.

ಇನ್ನೊಂದು ಆಶ್ಚರ್ಯ ಇಂಡೊನೇಷ್ಯದ ಬಾಲಿ ದ್ವೀಪದಲ್ಲಿ ಕಾದಿತ್ತು. ಅಲ್ಲಿನ ಉತ್ತರ ಕರಾವಳಿಯ ಸೆಂಬಿರಾನ್ ಎಂಬಲ್ಲಿ 1980ರ ದಶಕದ ಕೊನೆಯಲ್ಲಿ ಐ ವಯನ್ ಅರ್ಡಿಕ ಅವರು ಅಗೆದಾಗ ಇದೇ ಚುಕ್ಕೆಯ ತಟ್ಟೆಯ ಚೂರುಗಳು ರಾಶಿಯಾಗಿ ದೊರೆತವು. ಮಣ್ಣಿನ ಪರೀಕ್ಷೆ ಅವು ಭಾರತದವೆಂದೇ ಹೇಳಿತು. ಪಕ್ಕದ ಪಚುಂಗ್‌ನ ಸಮಾಧಿಗಳಲ್ಲಿ ಮಣಿಗಳಿದ್ದವು. ಬ್ರಹ್ಮಗಿರಿಯ ಒಕ್ಕಲಿನವನೂ ಬಾಲಿಯ ಕಡಲ ದಂಡೆಯವನೂ ಒಂದೇ ಜಾತಿಯ ತಟ್ಟೆಯನ್ನು ಕಂಡಿದ್ದರು, ಒಬ್ಬರ ಹೆಸರನ್ನೊಬ್ಬರು ಕೇಳದೆಯೇ.

ಹಿರೇಬೆಣಕಲ್ಲು 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಉಳಿದ ಕಡೆಗಳಲ್ಲಿ ಗೋರಿಯ ಚಪ್ಪಡಿ ಹೊಲದ ಬದುವಿಗೆ, ಮನೆಯ ಪಾಯಕ್ಕೆ ಸೇರಿಹೋಗುವುದು ಹೊಸತಲ್ಲ. ನಿಧಿಯ ಆಸೆಗೆ ರಾತ್ರಿ ಅಗೆಯುವವರ ಕಾಟ ಬೇರೆ. ಅವರಿಗೆ ಬೇಕಾದದ್ದು ಬಹುತೇಕ ಗೋರಿಗಳಲ್ಲಿ ಇರುವುದೇ ಇಲ್ಲ. ಸಿಟ್ಟಿನಿಂದ ಹೊರಗೆಸೆದ ಮಡಕೆಯ ಚೂರು, ತುಕ್ಕು ಹಿಡಿದ ಕಬ್ಬಿಣ, ಒಡೆದ ಶಂಖ ಅಲ್ಲೇ ಮಣ್ಣಿನ ಗುಪ್ಪೆಯ ಮೇಲೆ ಬಿದ್ದಿರುತ್ತವೆ. ಯಾವ ಪದರದಲ್ಲಿ, ಯಾರ ಮೂಳೆಯ ಪಕ್ಕದಲ್ಲಿ ಅವು ಇದ್ದವೆಂದು ಆಮೇಲೆ ಯಾರಿಂದಲೂ ಹೇಳಲಾಗದು.