ಪಾಮಾಯಿಲ್ ಬಾಣಲೆಗೋ, ಡೀಸೆಲ್ ಟ್ಯಾಂಕಿಗೋ?

ಹಪ್ಪಳ, ಬೋಂಡಾ ಕರಿಯುವ ಪಾಮಾಯಿಲ್‌ನಲ್ಲೇ ಲಾರಿಯೂ ಓಡುತ್ತೆ ಅಂದ್ರೆ ನಂಬ್ತೀರಾ? ಇಂಡೋನೇಷ್ಯಾದಲ್ಲಿ ಇದು ಸರ್ಕಾರದ ನೀತಿ. ಅಲ್ಲಿ ಡೀಸೆಲ್‌ಗೆ ತಾಳೆ ಎಣ್ಣೆಯ ಬಯೋಡೀಸೆಲ್ ಬೆರೆಸುವ ಪ್ರಮಾಣ 2020ರಲ್ಲಿ ಶೇ. 30 ಇತ್ತು. 2023ರಲ್ಲಿ 35ಕ್ಕೆ, 2025ರಲ್ಲಿ 40ಕ್ಕೆ ಏರಿತು.

ತಯಾರಿಕೆ ಅಂಥ ಬ್ರಹ್ಮವಿದ್ಯೆಯೇನಲ್ಲ. ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾದಂಥ ಕ್ಷಾರ ಸೇರಿಸಿ, ಸುಮಾರು 60 ಡಿಗ್ರಿ ಶಾಖದಲ್ಲಿ ಕಲಕುತ್ತಾರೆ. ಆಮೇಲೆ ಬಿಟ್ಟರೆ ಎರಡು ಪದರ: ಮೇಲೆ ಬಯೋಡೀಸೆಲ್, ಕೆಳಗೆ ಗ್ಲಿಸರಿನ್. 100 ಕೆ.ಜಿ. ಎಣ್ಣೆಗೆ ಹೆಚ್ಚುಕಮ್ಮಿ ಅಷ್ಟೇ ಇಂಧನ ಸಿಗುತ್ತೆ. ಶುದ್ಧಗೊಳಿಸಿದ ಗ್ಲಿಸರಿನ್ ಸೋಪು, ಕ್ರೀಮುಗಳಿಗೆ ಹೋಗುತ್ತೆ.

ಹಾಗಾದ್ರೆ ಇದು ಹಸಿರು ಇಂಧನವೇ? ತಾಳೆ ಮರವನ್ನೇ ಖಳನಾಯಕ ಮಾಡೋದು ನನಗೆ ಸರಿ ಕಾಣಲ್ಲ. ಒಂದು ಹೆಕ್ಟೇರಿನಲ್ಲಿ ಸೋಯಾ ಕೊಡುವುದಕ್ಕಿಂತ ಹಲವು ಪಟ್ಟು ಎಣ್ಣೆ ಅದು ಕೊಡುತ್ತೆ. ತಕರಾರಿರೋದು ನೆಲದ್ದು. ಸುಮಾತ್ರಾ, ಬೋರ್ನಿಯೊಗಳಲ್ಲಿ ಕಾಡು ಕಡಿದು ತೋಟ ಮಾಡಿದ್ದಾರೆ. ಸಾವಿರಾರು ವರ್ಷಗಳ ಗಿಡಗಂಟಿ ಕೊಳೆತು ಕೂತ ಜೌಗು ನೆಲದ ನೀರು ಬಸಿದರೆ, ಅದರೊಳಗಿನ ಇಂಗಾಲ ವರ್ಷಗಟ್ಟಲೆ ಗಾಳಿಗೆ ಸೇರುತ್ತಲೇ ಇರುತ್ತೆ. ಡೀಸೆಲ್ ಉಳಿಸಿ ಗಳಿಸಿದ್ದು ಅಲ್ಲೇ ಸೋರಿಹೋಗುತ್ತೆ.

ಇನ್ನೊಂದು ಸಂಗತಿ ನಮ್ಮ ಅಡುಗೆಮನೆಯದು. ನಾವು ತಿನ್ನುವ ಪಾಮಾಯಿಲ್‌ನಲ್ಲಿ ಹೆಚ್ಚಿನದು ಬರೋದು ಇಂಡೋನೇಷ್ಯಾ, ಮಲೇಷ್ಯಾಗಳಿಂದ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ರಫ್ತು ನಿಲ್ಲಿಸಿದಾಗ ಇಲ್ಲೂ ಆತಂಕ ಶುರುವಾಗಿತ್ತು. ಅಲ್ಲಿ ಟ್ಯಾಂಕಿಗೆ ಹೆಚ್ಚು ಸುರಿದಷ್ಟೂ ರಫ್ತಿಗೆ ಉಳಿಯೋದು ಕಡಿಮೆ.

ಅದಕ್ಕೇ ನನಗೆ ಹೆಚ್ಚು ಇಷ್ಟವಾಗೋದು, ಕರಿದು ಮುಗಿದ ಎಣ್ಣೆಯ ಬಯೋಡೀಸೆಲ್. ಅದಕ್ಕೆ ಹೊಸ ನೆಲ ಬೇಡ, ಊಟದ ಪಾಲೂ ಕದಿಯಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲೇ ಇದಕ್ಕಾಗಿ 'ರೂಕೋ' ಯೋಜನೆ ಶುರುಮಾಡಿದೆ. ಎಣ್ಣೆಯಲ್ಲಿ 'ಪೋಲಾರ್' ಸಂಯುಕ್ತಗಳು ಶೇ. 25 ದಾಟಿದರೆ ಮತ್ತೆ ಅಡುಗೆಗೆ ಬಳಸುವಂತಿಲ್ಲ. ಅಂಥ ಎಣ್ಣೆ ಅಗ್ಗದ ತಿಂಡಿಗಾಡಿಗೆ ಸೇರುವ ಬದಲು ಬಯೋಡೀಸೆಲ್ ಘಟಕಕ್ಕೆ ಹೋದರೆ ಆರೋಗ್ಯಕ್ಕೂ ಲಾಭ. ದೇಶದ ಡೀಸೆಲ್ ಪೂರ್ತಿ ಇದರಿಂದಾಗಲ್ಲ, ನಿಜ.

ನಾವು ಮಾಡಬಹುದಾದ್ದು ಇಷ್ಟು: ಕರಿದ ಎಣ್ಣೆ ಸಿಂಕಿಗೆ ಸುರಿಯದೆ, ಆರಿಸಿ, ಸೋಸಿ ಕ್ಯಾನಿನಲ್ಲಿಡಿ. ಅಪಾರ್ಟ್‌ಮೆಂಟ್, ಆಫೀಸ್ ಕ್ಯಾಂಟೀನ್‌ಗಳಲ್ಲಿ ಒಟ್ಟುಮಾಡಿ ಅಧಿಕೃತ ಸಂಗ್ರಹಕಾರರಿಗೆ ಕೊಡಿ. ದಯವಿಟ್ಟು ನೇರವಾಗಿ ಕಾರಿಗೆ ಮಾತ್ರ ಹಾಕಬೇಡಿ! 'ಹಸಿರು ಇಂಧನ' ಅನ್ನೋ ಬೋರ್ಡ್ ಕಂಡಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಈ ಎಣ್ಣೆ ಯಾವ ನೆಲದಿಂದ ಬಂತು?