ವಾರದ 168 ಗಂಟೆ ಯಾರ ಪಾಲಿಗೆ?

ನೋಡಿ, ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಅಪ್ಪ-ಅಮ್ಮನನ್ನ ವೃದ್ಧಾಶ್ರಮಕ್ಕೆ ಬಿಟ್ಟುಬರುವ ಮಕ್ಕಳ ಬಗ್ಗೆ ಒಂದು ರಾತ್ರಿ ಕಾರ್ಯಕ್ರಮದಲ್ಲಿ ನಾನು ಜೋರಾಗೇ ಗುಡುಗಿದ್ದೆ. ಮಾರನೇ ದಿನ ಬೆಳಿಗ್ಗೆ ಸಾಲಗಾಮೆಯಿಂದ ದೊಡ್ಡಮ್ಮನ ಫೋನು. "ಟಿವಿಲಿ ಚೆನ್ನಾಗ್ ಬೈದೆ ಕಣಪ್ಪ. ಒಂದ್ ವಾರ ಬಂದು ನಿಮ್ಮಜ್ಜಿ ಪಕ್ಕ ಮಲಗು. ಆಮೇಲೆ ಮಾತಾಡು."

ಹೋದೆ. ಅಜ್ಜಿಗೆ ಸೊಂಟದ ಮೂಳೆ ಮುರಿದು ಆರು ತಿಂಗಳಾಗಿತ್ತು. ಊಟ, ಉಚ್ಚೆ ಎಲ್ಲ ಹಾಸಿಗೆಯಲ್ಲೇ. ಹಾಸಿಗೆ ಹಿಡಿದವರನ್ನ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಒತ್ತಿದ ಜಾಗಕ್ಕೆ ರಕ್ತ ಓಡದೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅಂದರೆ ರಾತ್ರಿ ಹನ್ನೆರಡಕ್ಕೂ ಏಳಬೇಕು, ಎರಡಕ್ಕೂ, ನಾಲ್ಕಕ್ಕೂ. ಮೂರನೇ ರಾತ್ರಿಗೇ ನಾನು ಸುಸ್ತು. ದೊಡ್ಡಮ್ಮನಿಗೆ ಐವತ್ತೆಂಟು ವರ್ಷ, ಸಕ್ಕರೆ ಕಾಯಿಲೆ ಬೇರೆ. ಆರು ತಿಂಗಳಿಂದ ಇದನ್ನೇ ಮಾಡಿ, ಬೆಳಿಗ್ಗೆ ಎದ್ದು ಹಾಲು ಕರೆದು ಡೈರಿಗೂ ಹಾಕ್ತಿದ್ದರು.

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವನು ನಾನು. ಓದಿದ್ದು ಬಹಳಷ್ಟು ಮರೆತಿದೆ, ಲೆಕ್ಕ ಹಾಕುವ ಚಟ ಹೋಗಿಲ್ಲ. ವಾರಕ್ಕೆ 168 ಗಂಟೆ. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕನಿಗೆ ಇಟ್ಟ ವಾರದ ಸಾಮಾನ್ಯ ಮಿತಿ 48 ಗಂಟೆ. ಭಾಗಿಸಿ: ಮೂರೂವರೆ ಜನ! "ನಮ್ಮಮ್ಮನ್ನ ಮನೆಯಲ್ಲೇ ನೋಡ್ಕೋತೀವಿ" ಅಂತ ಮಗ ಎದೆ ತಟ್ಟಿ ಹೇಳುವಾಗ, ಆ ಮೂರೂವರೆ ಜನರ ಕೆಲಸ ಸಾಮಾನ್ಯವಾಗಿ ಒಬ್ಬ ಸೊಸೆಯ ತಲೆ ಮೇಲೆ ಕೂತಿರುತ್ತದೆ. ಸಂಬಳ ಇಲ್ಲ, ರಜೆ ಇಲ್ಲ, ಹೊಗಳಿಕೆ ಮಗನಿಗೆ.

ಸರಿ, ಆಳು ಇಡೋಣ ಅಂತೀರಾ? "24 ಗಂಟೆ ಆಳು" ಅಂತ ಏಜೆನ್ಸಿಯವರು ಕಳಿಸುವುದೂ ಒಬ್ಬರನ್ನೇ. ಅವರೂ ನಿದ್ದೆ ಮಾಡಬೇಕಲ್ಲ ಸ್ವಾಮಿ? ಜೊತೆಗೆ ಸ್ನಾನ ಮಾಡಿಸುವ, ಊಟ ಮಾಡಿಸುವ ಸಹಾಯಕಿ ಬೇರೆ, ನರ್ಸ್ ಬೇರೆ. ಮೂತ್ರದ ನಳಿಕೆ, ಇಂಜೆಕ್ಷನ್, ಹುಣ್ಣಿನ ಡ್ರೆಸ್ಸಿಂಗ್ ಇದ್ದರೆ ತರಬೇತಾದವರೇ ಬೇಕು.

ಇನ್ನು ವೃದ್ಧಾಶ್ರಮ. ಇಲ್ಲೊಂದು ಗೊಂದಲ ಇದೆ. ಹೊರದೇಶದಲ್ಲಿ ನರ್ಸಿಂಗ್ ಹೋಂ ಅಂದರೆ ವಯಸ್ಸಾದವರು ಕೊನೆತನಕ ಇರುವ, ಶುಶ್ರೂಷೆಯೂ ಸಿಗುವ ಜಾಗ. ನಮ್ಮಲ್ಲಿ ಅದು ಸಣ್ಣ ಆಸ್ಪತ್ರೆ. ಹುಷಾರಾದ ಮೇಲೆ ಮನೆಗೆ ಕಳಿಸ್ತಾರೆ. ನಮ್ಮ ಎಷ್ಟೋ ವೃದ್ಧಾಶ್ರಮಗಳೋ, ಓಡಾಡುವವರಿಗೆ ಮಾತ್ರ. ನಾವು ವಿಚಾರಿಸಿದ ಒಂದು ಕಡೆ ಮೊದಲ ಪ್ರಶ್ನೆಯೇ "ಎದ್ದು ಓಡಾಡ್ತಾರಾ?" ಅಂತ. ಓಡಾಡುವಂತಿದ್ದರೆ ನಾವ್ಯಾಕೆ ಫೋನ್ ಮಾಡ್ತಿದ್ವಿ! ಮಲಗಿದವರನ್ನು ಸೇರಿಸಿಕೊಳ್ಳುವ ಕಡೆ ಹೋದರೆ ಹೂದೋಟ ನೋಡಬೇಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಎಷ್ಟು ಸಿಬ್ಬಂದಿ ಅಂತ ಕೇಳಿ. ಹೇಳದೇ ಕೇಳದೇ ಸಂಜೆ ಹೊತ್ತು ಒಮ್ಮೆ ಹೋಗಿ. ಮರೆವಿನ ಕಾಯಿಲೆಯಿಂದ ನಡುರಾತ್ರಿ ಬಾಗಿಲು ತೆಗೆದು ಹೊರಟುಬಿಡುವವರಿಗೆ, ಒಳ್ಳೆ ಕಾವಲಿರುವ ಅಂಥ ಜಾಗ ಮನೆಗಿಂತ ಕ್ಷೇಮವೇ ಇರಬಹುದು.

2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂತು. ಬಡ ಹಿರಿಯರಿಗಾಗಿ ಜಿಲ್ಲೆಗೊಂದಾದರೂ, ಕನಿಷ್ಠ 150 ಜನರ ವೃದ್ಧಾಶ್ರಮದ ಮಾತು ಅದರ 19ನೇ ಸೆಕ್ಷನ್‌ನಲ್ಲಿದೆ. ಆದರೆ ಸರ್ಕಾರ ಸ್ಥಾಪಿಸ"ಬಹುದು" ಅಂತಿದೆ, "ಬೇಕು" ಅಂತಿಲ್ಲ! ಅದೇ ಕಾಯ್ದೆಯಲ್ಲಿ, ಹಿರಿಯರನ್ನು ತೊರೆದು ಹೋದವರಿಗೆ ಮೂರು ತಿಂಗಳವರೆಗೆ ಜೈಲು ಶಿಕ್ಷೆಯಿದೆ. ಜಮೀನು ಬರೆಸಿಕೊಂಡು ಅಪ್ಪನನ್ನ ಬಸ್‌ಸ್ಟ್ಯಾಂಡಲ್ಲಿ ಕೂರಿಸಿ ಹೋಗುವವರ ಮೇಲೆ ನನ್ನ ಸಿಟ್ಟು ಈಗಲೂ ಹಾಗೇ ಇದೆ. ಅಂಥವರನ್ನು ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಆದರೆ ನಿದ್ದೆಗೆಟ್ಟು ಕೈಸೋತ ಸೊಸೆಯನ್ನೂ ಅವರ ಸಾಲಿಗೇ ಸೇರಿಸಿ ಬೈದೆನಲ್ಲ, ಅದು ನನ್ನ ತಪ್ಪು.

ನಾವು ಇಷ್ಟೆಲ್ಲ ಚರ್ಚೆ ಮಾಡಿದ್ದು ಅಜ್ಜಿಯ ಮಂಚದ ಪಕ್ಕದಲ್ಲೇ, ಅಜ್ಜಿಯನ್ನ ಒಂದು ಮಾತೂ ಕೇಳದೆ. ಕೊನೆಗೆ ನಾನೇ ಕೇಳಿದೆ. "ನಾನ್ ಎಲ್ಲೂ ಬರಾಕಿಲ್ಲ. ಆದ್ರೆ ಆ ಹುಡ್ಗೀನ ಒಂದಿನ ನಿದ್ದೆ ಮಾಡಾಕ್ ಬಿಡ್ರೋ" ಅಂದಳು. ಹುಡುಗಿ ಅಂದರೆ ದೊಡ್ಡಮ್ಮ.

ಈಗ ಊರಿನ ಒಬ್ಬ ಹೆಂಗಸು ವಾರಕ್ಕೆ ನಾಲ್ಕು ರಾತ್ರಿ ಬರ್ತಾರೆ. ಅವರ ಸಂಬಳವನ್ನು ನಾವು ಮೊಮ್ಮಕ್ಕಳು ಹಂಚಿಕೊಂಡಿದ್ದೇವೆ. ಎರಡು ರಾತ್ರಿ ದೊಡ್ಡಪ್ಪನದು. ಮಗ್ಗುಲು ಬದಲಿಸುವುದನ್ನು ಅರವತ್ತೆರಡನೇ ವಯಸ್ಸಿನಲ್ಲಿ ಕಲಿತರು, ಗೊಣಗುತ್ತಲೇ. ಉಳಿದದ್ದು ಶನಿವಾರ ರಾತ್ರಿ. ರಜೆ ಸಿಕ್ಕ ಶನಿವಾರ ನಾನು ಹೋಗ್ತೀನಿ. ಸಿಗದಿದ್ದರೆ ಅದೂ ದೊಡ್ಡಮ್ಮನ ಪಾಲಿಗೇ.